ಆದಾಯ ಇಳಿದ ಮನೆಯಲ್ಲಿ ಸಾಲದ ಕಂತು, ಓಡಾಟದ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಆದಾಯ ಕಡಿಮೆಯಾದವರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರ ಚಿಂತೆ ಎರಡು: ಸಾಲದ ಕಂತು ಮತ್ತು ವಾಹನ. ಉತ್ತರಗಳಲ್ಲಿರುವ ಮೊತ್ತಗಳು ಲೆಕ್ಕ ತಿಳಿಸಲು ಕೊಟ್ಟ ಉದಾಹರಣೆಗಳು. ನಿಮ್ಮ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರ ಕೆಲಸ ಹೋಗಿದೆ. ಈಗ ನನ್ನ ಸಂಬಳ ಒಂದೇ. ಗೃಹಸಾಲ, ಕಾರಿನ ಸಾಲ, ಒಂದು ವೈಯಕ್ತಿಕ ಸಾಲ, ಫ್ರಿಜ್ ಕಂತು, ಕ್ರೆಡಿಟ್ ಕಾರ್ಡ್ ಬಾಕಿ ಎಲ್ಲ ಸೇರಿ ಸಂಬಳದ ಮುಕ್ಕಾಲು ಭಾಗ ಹೋಗುತ್ತದೆ. ಯಾವುದನ್ನು ಮೊದಲು ಕಟ್ಟಬೇಕು?

ಉತ್ತರ: ಈ ಪ್ರಶ್ನೆಯನ್ನು ನೀವು ತೀರ್ಮಾನಿಸದಿದ್ದರೆ ಕ್ಯಾಲೆಂಡರ್ ತೀರ್ಮಾನಿಸುತ್ತದೆ. ಎಲ್ಲ ಕಂತುಗಳೂ ಒಂದೇ ಖಾತೆಯಿಂದ ತಾವಾಗಿಯೇ ಕಡಿತವಾಗುತ್ತಿದ್ದರೆ, 3ನೇ ತಾರೀಖಿನ ಫ್ರಿಜ್ ಕಂತು ಸಲೀಸಾಗಿ ಹೋಗುತ್ತದೆ, 10ನೇ ತಾರೀಖಿನ ಗೃಹಸಾಲ ಹಣವಿಲ್ಲದೆ ಬೌನ್ಸ್ ಆಗುತ್ತದೆ. ಬೌನ್ಸ್ ಆದದ್ದಕ್ಕೆ ನಿಮ್ಮ ಬ್ಯಾಂಕೂ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಪ್ರತಿ ಸಾಲಕ್ಕೂ ಐದು ವಿವರ ಬರೆಯಿರಿ: ಉಳಿದ ಅಸಲು, ಬಡ್ಡಿ ದರ, ತಿಂಗಳ ಕಂತು, ಕಂತಿನ ತಾರೀಖು, ಮತ್ತು ಕಂತು ತಪ್ಪಿದರೆ ಕೈಬಿಟ್ಟು ಹೋಗುವುದು ಏನು.

ಆ ಐದನೇ ವಿವರವೇ ಮೊದಲ ಸಾಲು ಯಾವುದೆಂದು ಹೇಳುತ್ತದೆ. ತಲೆಯ ಮೇಲಿನ ಸೂರು, ವಿದ್ಯುತ್ತು, ನೀರು, ನಿಮ್ಮ ಸಂಬಳ ನಿಲ್ಲದಂತೆ ನೋಡಿಕೊಳ್ಳುವ ಓಡಾಟ, ಆರೋಗ್ಯ ವಿಮೆ ಇವುಗಳಿಗೆ ಹಣ ಮೊದಲು ಎತ್ತಿಡಿ. ಮನೆ ಅಡವಿರುವ ಸಾಲವೂ ಇದೇ ಸಾಲಿನಲ್ಲಿ. ಆಮೇಲೆ ವಸ್ತು ಅಡವಿರುವ ಬೇರೆ ಸಾಲಗಳು. ವೈಯಕ್ತಿಕ ಸಾಲ ಮತ್ತು ಕಾರ್ಡ್ ಕೊನೆಗೆ. ದಿನಕ್ಕೆ ಹತ್ತು ಸಲ ಫೋನ್ ಮಾಡುವವರು ಸಾಮಾನ್ಯವಾಗಿ ಈ ಕೊನೆಯ ಗುಂಪಿನವರೇ, ಏಕೆಂದರೆ ಅವರ ಕೈಯಲ್ಲಿ ಬೇರೆ ಹಿಡಿತವಿಲ್ಲ. ಫೋನಿನ ಒತ್ತಡಕ್ಕೆ ಕಾರ್ಡಿಗೆ ಕಟ್ಟಿ ಗೃಹಸಾಲ ತಪ್ಪಿಸಿದವರು ಬಹಳ ಮಂದಿ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಕೈಯಲ್ಲಿ ಸ್ವಲ್ಪ ಹಣವಿದ್ದರೆ ಯಾವ ಸಾಲ ತೀರಿಸುವುದು ಲಾಭ? ಉಳಿದ ಅಸಲನ್ನು ತಿಂಗಳ ಕಂತಿನಿಂದ ಭಾಗಿಸಿ. ಫ್ರಿಜ್ಜಿನ ಬಾಕಿ 12,000, ಕಂತು 3,000 ಇದ್ದರೆ ಉತ್ತರ 4. ವೈಯಕ್ತಿಕ ಸಾಲದ ಬಾಕಿ 1,80,000, ಕಂತು 7,500 ಇದ್ದರೆ 24. ಕಾರಿನದು 3,00,000, ಕಂತು 10,000 ಇದ್ದರೆ 30. ಅತಿ ಚಿಕ್ಕ ಸಂಖ್ಯೆ ಬಂದ ಸಾಲವನ್ನು ಮೊದಲು ತೀರಿಸಿ. 12,000 ಕೊಟ್ಟು ಫ್ರಿಜ್ ಸಾಲ ಮುಗಿಸಿದರೆ ಮುಂದಿನ ತಿಂಗಳಿಂದಲೇ 3,000 ಕೈಯಲ್ಲಿ ಉಳಿಯುತ್ತದೆ. ಅದೇ 12,000ವನ್ನು ವೈಯಕ್ತಿಕ ಸಾಲಕ್ಕೆ ಹಾಕಿದರೆ ಈ ತಿಂಗಳ ಕಂತು ಹಾಗೇ ಇರುತ್ತದೆ, ಲಾಭ ಸಿಗುವುದು ಸಾಲ ಮುಗಿಯುವ ಹೊತ್ತಿಗೆ. ‘ಹೆಚ್ಚು ಬಡ್ಡಿಯ ಸಾಲ ಮೊದಲು’ ಎಂಬ ಮಾತು ಆದಾಯ ನೆಟ್ಟಗಿರುವವರಿಗೆ ಸರಿ. ನಿಮಗೆ ಈಗ ಬೇಕಿರುವುದು ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಹಣ. ಕಂತುಗಳು ಸಂಬಳದ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಬಡ್ಡಿಯ ಕ್ರಮಕ್ಕೆ ಹೊರಳಿ. ಒಂದು ಎಚ್ಚರಿಕೆ: ಅವಧಿಗೆ ಮೊದಲೇ ಮುಗಿಸಲು ಶುಲ್ಕವಿದೆಯೇ ಎಂದು ಕೇಳಿ. ಬಡ್ಡಿಯಿಲ್ಲದ ಕಂತು ಎಂದು ಕೊಟ್ಟ ವಸ್ತುಗಳಲ್ಲಿ ಬೇಗ ಮುಗಿಸಿದರೂ ಬಡ್ಡಿ ಉಳಿಯುವುದಿಲ್ಲ, ಶುಲ್ಕ ಮಾತ್ರ ಬೀಳಬಹುದು.

ಇನ್ನೆರಡು ಕೆಲಸ ಈ ವಾರವೇ ಆಗಬೇಕು. ಒಂದು, ಮನೆ ನಡೆಸುವ ಹಣಕ್ಕೆ ಬೇರೆ ಖಾತೆ, ಅದೂ ನೀವು ಸಾಲ ಪಡೆಯದ ಬ್ಯಾಂಕಿನಲ್ಲಿ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಖಾತೆಯಿದ್ದರೆ ಬಾಕಿಯನ್ನು ಅದರಿಂದಲೇ ಹೊಂದಿಸಿಕೊಳ್ಳುವ ಹಕ್ಕು ಎಷ್ಟೋ ಸಾಲಪತ್ರಗಳಲ್ಲಿ ಬರೆದಿರುತ್ತದೆ. ಎರಡು, ಸಂಬಳ ಬೀಳುವ ದಿನದ ಎರಡು ಮೂರು ದಿನ ಆಚೆಗೆ ಕಂತಿನ ತಾರೀಖು ಬದಲಿಸಿಕೊಡಿ ಎಂದು ಬರೆದು ಕೇಳಿ. ಬಹಳ ಕಡೆ ಇದಕ್ಕೆ ಒಪ್ಪುತ್ತಾರೆ, ಕೇಳದವರಿಗೆ ಮಾತ್ರ ಗೊತ್ತಿರುವುದಿಲ್ಲ.

ಪ್ರಶ್ನೆ: ಬ್ಯಾಂಕಿನವರನ್ನು ಕೇಳಿದಾಗ ಗೃಹಸಾಲದ ಅವಧಿ ಹೆಚ್ಚಿಸಬಹುದು, ಇಲ್ಲವೇ ಮೂರು ತಿಂಗಳು ಕಂತು ಬಿಡಬಹುದು ಎಂದಿದ್ದಾರೆ. ಯಾವುದು ಒಳ್ಳೆಯದು?

ಉತ್ತರ: ಎರಡಕ್ಕೂ ಬೆಲೆಯಿದೆ, ಆ ಬೆಲೆ ಎಷ್ಟೆಂದು ತಿಳಿದು ಆರಿಸಿ. ಉಳಿದ ಅಸಲು 10 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 9, ಉಳಿದ ಅವಧಿ 10 ವರ್ಷ ಎಂದಿಟ್ಟುಕೊಳ್ಳೋಣ. ಈಗಿನ ಕಂತು ಸುಮಾರು 12,668. ಮುಂದೆ ಕಟ್ಟುವ ಒಟ್ಟು ಬಡ್ಡಿ ಸುಮಾರು 5.20 ಲಕ್ಷ.

ಅವಧಿಯನ್ನು 15 ವರ್ಷಕ್ಕೆ ಏರಿಸಿದರೆ ಕಂತು 10,143ಕ್ಕೆ ಇಳಿಯುತ್ತದೆ. ತಿಂಗಳಿಗೆ ಎರಡೂವರೆ ಸಾವಿರ ಉಳಿತಾಯ, ಆದರೆ ಒಟ್ಟು ಬಡ್ಡಿ 8.26 ಲಕ್ಷಕ್ಕೆ ಏರುತ್ತದೆ. 20 ವರ್ಷಕ್ಕೆ ಏರಿಸಿದರೆ ಕಂತು 8,997, ಬಡ್ಡಿ 11.59 ಲಕ್ಷ. ಇಲ್ಲಿ ಗಮನಿಸಿ: ಮೊದಲ ಐದು ವರ್ಷ ಹೆಚ್ಚಿಸಿದಾಗ ಕಂತು 2,525 ಇಳಿಯಿತು. ಇನ್ನೈದು ವರ್ಷ ಹೆಚ್ಚಿಸಿದಾಗ ಇಳಿದದ್ದು 1,146 ಅಷ್ಟೇ, ಬಡ್ಡಿ ಮಾತ್ರ ಇನ್ನೂ ಮೂರು ಲಕ್ಷಕ್ಕಿಂತ ಹೆಚ್ಚು ಬೆಳೆಯಿತು. ಅವಧಿ ಉದ್ದವಾದಷ್ಟೂ ಕಂತಿನಲ್ಲಿ ಬಡ್ಡಿಯ ಪಾಲೇ ತುಂಬಿಕೊಳ್ಳುತ್ತದೆ, ಇಳಿಸಲು ಅಸಲಿನ ಪಾಲು ಉಳಿಯುವುದಿಲ್ಲ. ಆದ್ದರಿಂದ ‘ಎಷ್ಟು ಸಾಧ್ಯವೋ ಅಷ್ಟು’ ಎಂದು ಕೇಳಬೇಡಿ. ನಿಮಗೆ ತಿಂಗಳಿಗೆ ಎಷ್ಟು ಕಡಿಮೆ ಬೀಳುತ್ತಿದೆಯೋ ಅಷ್ಟಕ್ಕೆ ಸಾಕಾಗುವ ವರ್ಷಗಳನ್ನು ಮಾತ್ರ ಕೇಳಿ.

ಮೂರು ತಿಂಗಳ ಬಿಡುವು ಎಂದರೆ ಮನ್ನಾ ಅಲ್ಲ. ಆ ಮೂರು ತಿಂಗಳ ಬಡ್ಡಿ ಅಸಲಿಗೆ ಸೇರಿ 10 ಲಕ್ಷ ಇದ್ದದ್ದು ಸುಮಾರು 10,22,670 ಆಗುತ್ತದೆ. ಆಮೇಲೆ ಹಳೆಯ ಕಂತನ್ನೇ ಕಟ್ಟಿಕೊಂಡು ಹೋದರೆ 120ರ ಬದಲು ಸುಮಾರು 124 ಕಂತು ಮುಗಿಸಿ ಇನ್ನರ್ಧ ಕಂತು ಕಟ್ಟಬೇಕು. ಬಿಟ್ಟ ಮೂರು ತಿಂಗಳೂ ಸೇರಿ ಸಾಲ ಮುಗಿಯುವುದು ಏಳೂವರೆ ತಿಂಗಳು ತಡ. ಸಾಲದ ಆರಂಭದ ವರ್ಷಗಳಲ್ಲಿ ಈ ಹೊರೆ ಜಾಸ್ತಿ, ಕೊನೆಯ ವರ್ಷಗಳಲ್ಲಿ ಕಡಿಮೆ.

ನಮ್ಮ ಸಲಹೆ ಹೀಗಿದೆ. ಆದಾಯ ಕೆಲವೇ ತಿಂಗಳಲ್ಲಿ ಮರಳುವುದು ಖಚಿತವಾಗಿದ್ದರೆ, ಅಂದರೆ ಹೊಸ ಕೆಲಸದ ಆದೇಶಪತ್ರ ಕೈಯಲ್ಲಿದ್ದರೆ ಅಥವಾ ಹೆರಿಗೆ ರಜೆಯಂಥ ಕಾರಣವಿದ್ದರೆ, ಬಿಡುವು ಸಾಕು. ಆದಾಯ ಕಾಯಂ ಆಗಿ ಇಳಿದಿದ್ದರೆ ಬಿಡುವು ತೆಗೆದುಕೊಂಡರೆ ನಾಲ್ಕನೇ ತಿಂಗಳಲ್ಲಿ ಇದೇ ಕಷ್ಟ ಇನ್ನಷ್ಟು ದೊಡ್ಡ ಅಸಲಿನೊಂದಿಗೆ ಎದುರಾಗುತ್ತದೆ. ಅಂಥವರು ಅವಧಿ ಹೆಚ್ಚಿಸಿಕೊಳ್ಳುವುದೇ ಸರಿ. ಇನ್ನೊಂದು ದಾರಿಯನ್ನೂ ಕೇಳಿ ನೋಡಿ: ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವುದು. ಮೇಲಿನ ಉದಾಹರಣೆಯಲ್ಲಿ ಅದು ತಿಂಗಳಿಗೆ 7,500. ಅಸಲು ಇಳಿಯುವುದಿಲ್ಲ, ಬೆಳೆಯುವುದೂ ಇಲ್ಲ.

ಕೇಳಲು ಹೋಗುವಾಗ ಕೆಲಸ ಹೋದ ಅಥವಾ ಸಂಬಳ ಕಡಿತದ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ತಿಂಗಳ ಆದಾಯ-ಖರ್ಚಿನ ಒಂದು ಪುಟದ ಪಟ್ಟಿ ಒಯ್ಯಿರಿ. ‘ಕಷ್ಟದಲ್ಲಿದ್ದೇವೆ’ ಎನ್ನುವ ಬದಲು ‘ಇಷ್ಟು ಮೊತ್ತ, ಇಷ್ಟು ತಿಂಗಳು, ಈ ತಾರೀಖಿಗೆ ಕಟ್ಟುತ್ತೇವೆ’ ಎಂದು ಬರೆದು ಕೊಡಿ. ಕಂತು ತಪ್ಪುವ ಮೊದಲು ಹೋದವರಿಗೆ ಸಿಗುವ ಆಯ್ಕೆಗಳು ತಪ್ಪಿದ ಮೇಲೆ ಹೋದವರಿಗೆ ಸಿಗುವುದಿಲ್ಲ. ಒಪ್ಪಿಗೆ ಫೋನಿನಲ್ಲಿ ಬಂದರೆ ಸಾಲದು. ಹೊಸ ಕಂತಿನ ಪಟ್ಟಿ ಲಿಖಿತವಾಗಿ ಕೈಗೆ ಬರುವವರೆಗೆ ಹಳೆಯ ಕಂತು ಕಡಿತವಾಗುತ್ತಲೇ ಇರುತ್ತದೆ ಎಂದುಕೊಂಡು ಖಾತೆಯಲ್ಲಿ ಹಣ ಇಟ್ಟಿರಿ. ಹೀಗೆ ಬದಲಿಸಿದ್ದು ನಿಮ್ಮ ಸಾಲದ ದಾಖಲೆಯಲ್ಲಿ ಹೇಗೆ ನಮೂದಾಗುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಕಾರ್ಡಿನ ಮಿನಿಮಮ್ ಡ್ಯೂ ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದೇನೆ. ಹೊಸದಾಗಿ ಏನೂ ಕೊಳ್ಳುತ್ತಿಲ್ಲ. ಆದರೂ ಬಾಕಿ ಕರಗುತ್ತಲೇ ಇಲ್ಲ, ಏಕೆ?

ಉತ್ತರ: ಬಾಕಿ 1,00,000, ತಿಂಗಳ ಬಡ್ಡಿ ಶೇ. 3, ಮಿನಿಮಮ್ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಬಾಕಿಯ ಶೇ. 5 ಎಂದಿಟ್ಟುಕೊಳ್ಳಿ. ನೀವು ಕಟ್ಟುವ 5,000ದಲ್ಲಿ 3,000 ಬಡ್ಡಿಗೇ ಹೋಗುತ್ತದೆ. ಅಸಲು ಇಳಿಯುವುದು 2,000. ಮುಂದಿನ ತಿಂಗಳು ಬಾಕಿ 98,000, ಮಿನಿಮಮ್ 4,900. ಬಾಕಿ ಇಳಿದಂತೆ ನೀವು ಕಟ್ಟುವುದೂ ಇಳಿಯುತ್ತದೆ, ತೊಂದರೆ ಇರುವುದೇ ಅಲ್ಲಿ. ಒಂದು ವರ್ಷದಲ್ಲಿ ಸುಮಾರು 54,000 ಕಟ್ಟಿದ ಮೇಲೂ ಬಾಕಿ 78,000ದ ಮೇಲೇ ಇರುತ್ತದೆ.

ಬಿಲ್ಲಿನಲ್ಲಿ ಏನೇ ಬರಲಿ, ಇವತ್ತಿನ 5,000ವನ್ನೇ ಗಟ್ಟಿಯಾಗಿ ಹಿಡಿದು ಪ್ರತಿ ತಿಂಗಳೂ ಕಟ್ಟಿ. ಆಗ ಇಡೀ ಸಾಲ 31 ತಿಂಗಳಿಗೆ ಮುಗಿಯುತ್ತದೆ. ಮಿನಿಮಮ್ ಮಾತ್ರ ಕಟ್ಟುವವರಿಗೆ ಅದೇ 31 ತಿಂಗಳ ಕೊನೆಗೆ ಇನ್ನೂ 53,000ಕ್ಕೂ ಹೆಚ್ಚು ಉಳಿದಿರುತ್ತದೆ. ಆರಂಭದ ತಿಂಗಳಲ್ಲಿ ಇಬ್ಬರೂ ಕಟ್ಟಿದ್ದು ಒಂದೇ ಮೊತ್ತ.

ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ಸಾಮಾನ್ಯವಾಗಿ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಹೋಗುತ್ತದೆ. ಹೊಸದಾಗಿ ಹಾಕಿಸಿದ ಪೆಟ್ರೋಲಿಗೂ ಅಂದಿನಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಓಡಾಟದ ಖರ್ಚಿಗೆ ಆ ಕಾರ್ಡ್ ಬೇಡ. ಆ್ಯಪ್‌ಗಳಲ್ಲಿ, ತಿಂಗಳ ಚಂದಾಗಳಲ್ಲಿ ಅದರ ನಂಬರ್ ಉಳಿಸಿದ್ದರೆ ತೆಗೆದುಹಾಕಿ. ಗೊತ್ತಿಲ್ಲದೆ ಹೋಗುವ ಸಣ್ಣ ಕಡಿತಗಳಿಗೂ ಅದೇ ಬಡ್ಡಿ.

ಪ್ರಶ್ನೆ: ಎಲ್ಲ ಚಿಲ್ಲರೆ ಸಾಲಗಳನ್ನೂ ಸೇರಿಸಿ ಒಂದೇ ಸಾಲ ಮಾಡಿಕೊಡುತ್ತೇವೆ, ಬಡ್ಡಿ ಬರೀ ಶೇ. 12 ಎಂದು ಏಜೆಂಟರೊಬ್ಬರು ಬೆನ್ನು ಬಿದ್ದಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಅವರನ್ನು ಒಂದೇ ಪ್ರಶ್ನೆ ಕೇಳಿ: ಈ ಶೇ. 12 ಫ್ಲಾಟ್ ದರವೋ, ಉಳಿದ ಅಸಲಿನ ಮೇಲಿನ ದರವೋ? ಫ್ಲಾಟ್ ಎಂದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಮೊದಲ ದಿನದ ಪೂರ್ತಿ ಅಸಲಿಗೇ. 1,00,000ಕ್ಕೆ ಎರಡು ವರ್ಷದ ಬಡ್ಡಿ 24,000, ಕಂತು 5,167. ಅದೇ ಶೇ. 12 ಉಳಿದ ಅಸಲಿನ ಮೇಲೆ ಆಗಿದ್ದರೆ ಕಂತು 4,707, ಒಟ್ಟು ಬಡ್ಡಿ 13,000ದ ಒಳಗೆ. ಎರಡು ವರ್ಷದ ಫ್ಲಾಟ್ ಶೇ. 12 ಎಂದರೆ ನಿಜವಾಗಿ ಸುಮಾರು ಶೇ. 21.6. ಮೊಬೈಲಿನಲ್ಲೇ ಪರೀಕ್ಷಿಸಬಹುದು: ಅವರು ಹೇಳಿದ ಕಂತನ್ನು ತಿಂಗಳ ಸಂಖ್ಯೆಯಿಂದ ಗುಣಿಸಿ, ಕೈಗೆ ಬರುವ ಹಣ ಕಳೆಯಿರಿ. ಉಳಿದದ್ದೇ ನೀವು ತೆರುವ ಬೆಲೆ. ಕೈಗೆ ಬರುವ ಹಣ ಎಂದರೆ ಮಂಜೂರಾದ ಮೊತ್ತವಲ್ಲ. ಪ್ರೊಸೆಸಿಂಗ್ ಫೀ, ಕೇಳದೆಯೇ ಸೇರಿಸಿದ ವಿಮೆ ಇವನ್ನು ಹಿಡಿದುಕೊಂಡು ಖಾತೆಗೆ ಹಾಕಿದ್ದು.

ನಿಜವಾದ ದರ ಕಾರ್ಡಿಗಿಂತ ಕಡಿಮೆಯಿದ್ದರೆ ಕಾರ್ಡ್ ಬಾಕಿಯ ಮಟ್ಟಿಗೆ ತೆಗೆದುಕೊಳ್ಳಬಹುದು. ಕಡಿಮೆ ಬಡ್ಡಿಯ ಬೇರೆ ಸಾಲಗಳನ್ನು ಇದರೊಳಗೆ ಸೇರಿಸಬೇಡಿ. ಮನೆ ಅಡವಿಟ್ಟು ಕಾರ್ಡ್ ಸಾಲ ತೀರಿಸುವುದಂತೂ ಬಹಳ ಯೋಚಿಸಿ ಮಾಡಬೇಕಾದ ಕೆಲಸ, ಏಕೆಂದರೆ ಸೂರಿಗೆ ಅಪಾಯವಿಲ್ಲದ ಸಾಲವನ್ನು ಸೂರಿಗೆ ಅಪಾಯವಿರುವ ಸಾಲವಾಗಿ ಬದಲಿಸುತ್ತಿದ್ದೀರಿ. ಇಂಥ ಸಾಲ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಖಾಲಿಯಾದ ಕಾರ್ಡ್ ಆರು ತಿಂಗಳಲ್ಲಿ ಮತ್ತೆ ತುಂಬಿರುತ್ತದೆ. ಸಾಲದ ಹಣ ಬಂದ ದಿನವೇ ಕಾರ್ಡಿನ ಮಿತಿಯನ್ನು ಕಡಿಮೆ ಮಾಡಿಸಿ.

ಪ್ರಶ್ನೆ: ಕಾರಿನ ಕಂತು ತಿಂಗಳಿಗೆ 10,000. ಮಾರಿದರೆ ನಷ್ಟ ಎನ್ನುತ್ತಾರೆ ನಮ್ಮ ಮನೆಯವರು. ಓಡಿಸದೆ ಮನೆಯಲ್ಲೇ ನಿಲ್ಲಿಸಿದರೆ ಖರ್ಚು ಉಳಿಯುವುದಿಲ್ಲವೇ?

ಉತ್ತರ: ನಿಲ್ಲಿಸಿದರೆ ಪೆಟ್ರೋಲ್ ಉಳಿಯುತ್ತದೆ, ಟಯರ್ ಸ್ವಲ್ಪ ಉಳಿಯುತ್ತದೆ. ಉಳಿದ ಖರ್ಚು ನಿಂತ ಕಾರಿಗೂ ನಡೆಯುತ್ತಲೇ ಇರುತ್ತದೆ. ತಿಂಗಳಿಗೆ 600 ಕಿ.ಮೀ. ಓಡುವ ಕಾರಿನ ಲೆಕ್ಕ ನೋಡಿ: ಇಂಧನ 4,000, ವಾರ್ಷಿಕ ವಿಮೆಯ ಹನ್ನೆರಡನೇ ಒಂದು ಭಾಗ 1,500, ಸರ್ವಿಸ್, ಟಯರ್, ಬ್ಯಾಟರಿಗೆ 1,500, ಸಾಲದ ಬಡ್ಡಿಯ ಪಾಲು 2,000, ಬೆಲೆ ಇಳಿತ 5,000. ಬೆಲೆ ಇಳಿತವನ್ನು ಕಂಡುಹಿಡಿಯಲು ಇದೇ ಮಾದರಿಯ, ನಿಮ್ಮದಕ್ಕಿಂತ ಒಂದು ವರ್ಷ ಹಳೆಯ ಕಾರು ಈಗ ಎಷ್ಟಕ್ಕೆ ಹೋಗುತ್ತಿದೆ ನೋಡಿ. ನಿಮ್ಮ ಕಾರಿನ ಬೆಲೆಯಿಂದ ಅದನ್ನು ಕಳೆದು 12ರಿಂದ ಭಾಗಿಸಿ. ಎಲ್ಲ ಸೇರಿ 14,000. ಕಿ.ಮೀ.ಗೆ 23ಕ್ಕೂ ಹೆಚ್ಚು. ನಾವು ಸಾಮಾನ್ಯವಾಗಿ ಮನಸ್ಸಿನಲ್ಲಿ ಹಿಡಿಯುವುದು ಇಂಧನದ ಸುಮಾರು 6.67 ಮಾತ್ರ. ಕಾರನ್ನು ಪೂರ್ತಿ ನಿಲ್ಲಿಸಿದರೂ ವಿಮೆ, ಬಡ್ಡಿ, ಬೆಲೆ ಇಳಿತ ಸೇರಿ 8,500 ಹೋಗುತ್ತಲೇ ಇರುತ್ತದೆ. ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ, ಟಯರು ಒಂದೇ ಮಗ್ಗುಲಿಗೆ ಭಾರ ಹೊತ್ತು ಚಪ್ಪಟೆಯಾಗುತ್ತದೆ.

‘ಮಾರಿದರೆ ನಷ್ಟ’ ಎಂಬುದು ಕೊಂಡ ಬೆಲೆಗೆ ಹೋಲಿಸಿ ಹೇಳುವ ಮಾತು. ಆ ನಷ್ಟ ಆಗಿಹೋಗಿದೆ. ಈಗ ಹೋಲಿಸಬೇಕಾದದ್ದು ಉಳಿದ ಸಾಲಕ್ಕೆ. ಬಾಕಿ 3,00,000, ಕಾರಿಗೆ ಸಿಗುವುದು 2,60,000 ಆದರೆ 40,000 ಕೈಯಿಂದ ಹಾಕಬೇಕು. ಆದರೆ ತಿಂಗಳಿಗೆ ಕಂತು 10,000, ಇಂಧನ 4,000, ವಿಮೆ 1,500, ದುರಸ್ತಿ 1,500, ಒಟ್ಟು 17,000 ನಿಲ್ಲುತ್ತದೆ. ಬಸ್ಸು, ರೈಲು, ಆಗಾಗ ಬಾಡಿಗೆ ಟ್ಯಾಕ್ಸಿಗೆ 5,000 ತೆಗೆದಿಟ್ಟರೂ 12,000 ಉಳಿಯುತ್ತದೆ. ಕೈಯಿಂದ ಹಾಕಿದ 40,000 ನಾಲ್ಕು ತಿಂಗಳೊಳಗೆ ವಾಪಸ್.

ಆದರೂ ಎಲ್ಲರಿಗೂ ಮಾರಿ ಎನ್ನಲಾರೆವು. ರಾತ್ರಿ ಪಾಳಿಯ ಕೆಲಸ, ನಡೆಯಲಾಗದ ಹಿರಿಯರ ಚಿಕಿತ್ಸೆ, ಬಸ್ಸೇ ಇಲ್ಲದ ದಾರಿ ಇದ್ದರೆ ಕಾರು ಸಂಬಳವನ್ನೂ ಆರೋಗ್ಯವನ್ನೂ ಕಾಯುವ ಸಾಧನ. ಮಾರುವ ಮೊದಲು ಎರಡು ವಾರ ಕೀಲಿ ಎತ್ತಿಟ್ಟು ನೋಡಿ. ಬೇರೆ ದಾರಿಗಳಿಗೆ ನಿಜವಾಗಿ ಎಷ್ಟು ಖರ್ಚಾಯಿತು, ಯಾವ ಕೆಲಸ ತಪ್ಪಿತು ಎಂದು ಬರೆದಿಡಿ. ಸಾಲ ಮುಗಿದಿರುವ, ಚೆನ್ನಾಗಿ ಓಡುವ ಹಳೆಯ ಕಾರಾದರೆ ಬೆಲೆ ಇಳಿತವೂ ಕಡಿಮೆ, ಬಡ್ಡಿಯೂ ಇಲ್ಲ. ಅದನ್ನು ಮಾರಿ ಹೆಚ್ಚೇನೂ ಉಳಿಯುವುದಿಲ್ಲ.

ಮಾರುವುದಾದರೆ ಕ್ರಮ ತಪ್ಪಬೇಡಿ. ಮೊದಲು ಸಾಲ ಕೊಟ್ಟವರಿಂದ ಸಾಲ ಮುಕ್ತಾಯದ ಮೊತ್ತದ ಪತ್ರ ಪಡೆಯಿರಿ. ಆ ಮೊತ್ತ ಯಾವ ತಾರೀಖಿನವರೆಗೆ ಅನ್ವಯ, ದಾಟಿದರೆ ದಿನಕ್ಕೆಷ್ಟು ಬಡ್ಡಿ ಎಂಬುದೂ ಅದರಲ್ಲಿರಲಿ. ಕೊಳ್ಳುವವರು ಬಾಕಿಯ ಹಣವನ್ನು ನೇರ ಸಾಲದ ಖಾತೆಗೇ ಕಟ್ಟಲಿ. ಬಾಕಿಯಿಲ್ಲವೆಂಬ ಪತ್ರ ಬಂದ ಮೇಲೆ ನೋಂದಣಿ ಪತ್ರದಲ್ಲಿರುವ ಸಾಲದ ನಮೂದು ತೆಗೆಸಿ, ಒಡೆತನ ಅವರ ಹೆಸರಿಗೆ ವರ್ಗ ಮಾಡಿಸಿ. ಕಾರು ಕೊಟ್ಟ ತಾರೀಖು, ಗಂಟೆ, ಓಡಿದ ಕಿ.ಮೀ. ಬರೆದು ಇಬ್ಬರೂ ಸಹಿ ಹಾಕಿ. ಎಷ್ಟೋ ಜನ ಹಣ ಎಣಿಸಿಕೊಂಡು ಕೀಲಿ ಕೊಟ್ಟುಬಿಡುತ್ತಾರೆ, ಒಡೆತನ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ಆಮೇಲೆ ಆ ಕಾರಿನ ದಂಡ, ಅಪಘಾತದ ನೋಟಿಸು ಎಲ್ಲ ಬರುವುದು ಇವರ ಬಾಗಿಲಿಗೆ.

ಪ್ರಶ್ನೆ: ಕಾರು ಬಿಟ್ಟು ಬೈಕಿನಲ್ಲಿ ಓಡಾಡುತ್ತಿದ್ದೇನೆ. ಮೈಲೇಜ್ ಬಹಳ ಇಳಿದಿದೆ. ಗ್ಯಾರೇಜಿಗೆ ಹಣ ಹಾಕದೆ ಮನೆಯಲ್ಲೇ ಏನು ನೋಡಬಹುದು?

ಉತ್ತರ: ಇಳಿದಿದೆಯೇ ಎಂದು ಮೊದಲು ಅಳೆಯಿರಿ. ಟ್ಯಾಂಕ್ ಪೂರ್ತಿ ತುಂಬಿಸಿ ಓಡೋಮೀಟರ್ ಬರೆದಿಡಿ, 18,240 ಎಂದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಖರ್ಚಾದ ಮೇಲೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. 6.2 ಲೀಟರ್ ಹಿಡಿಯಿತು, ಓಡೋಮೀಟರ್ 18,550 ತೋರಿಸಿತು ಎಂದರೆ 310 ಕಿ.ಮೀ.ಗೆ 6.2 ಲೀಟರ್, ಲೀಟರಿಗೆ 50. ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಒಂದೇ ಸಲದ ಲೆಕ್ಕ ನಂಬಬೇಡಿ, ತುಂಬಿಸುವ ಮಟ್ಟ ಸ್ವಲ್ಪ ಹೆಚ್ಚು ಕಡಿಮೆಯಾದರೂ ಉತ್ತರ ಬದಲಾಗುತ್ತದೆ.

ಆಮೇಲೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಆಫ್ ಇರುವಾಗ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಹಗುರವಾಗಿ ಕೆಲವು ಸುತ್ತು ಹೋಗಬೇಕು. ತಕ್ಷಣ ನಿಂತರೆ ಬ್ರೇಕ್ ಹಿಡಿಯುತ್ತಿದೆ. ಬ್ರೇಕ್ ರಾಡಿನ ನಟ್ಟನ್ನು ಅರ್ಧರ್ಧ ಸುತ್ತು ಸಡಿಲಿಸಿ ಮತ್ತೆ ತಿರುಗಿಸಿ ನೋಡಿ. ಪೆಡಲ್ ಒತ್ತಿದಾಗ ಬ್ರೇಕ್ ಬಿಗಿಯಾಗಿ ಹಿಡಿಯುವುದು ಖಚಿತವಾದ ಮೇಲೆಯೇ ರಸ್ತೆಗೆ ಇಳಿಯಿರಿ. ಡಿಸ್ಕ್ ಬ್ರೇಕ್ ಆದರೆ ಮೆಕ್ಯಾನಿಕ್ಕೇ ನೋಡಲಿ.

ಚೈನಿನ ಕೆಳ ಭಾಗವನ್ನು ನಡುವೆ ಹಿಡಿದು ಮೇಲೆ ಕೆಳಗೆ ಆಡಿಸಿ. ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಟ ಇರಬೇಕು. ನಿಮ್ಮದರ ಅಳತೆ ಕೈಪಿಡಿಯಲ್ಲಿದೆ. ತೀರಾ ಬಿಗಿಯಾದ ಚೈನು ಬೇರಿಂಗನ್ನೂ ತಿನ್ನುತ್ತದೆ. ಒಣಗಿ ಕೆಂಪು ತಿರುಗಿದ್ದರೆ ಒರೆಸಿ ಚೈನ್ ಎಣ್ಣೆ ಹಾಕಿ. ಕ್ಲಚ್ ಲಿವರಿಗೆ ಆಟವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತೆ ಇರುತ್ತದೆ: ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಕೇಬಲ್ ಸ್ವಲ್ಪ ಸಡಿಲಿಸಿದರೆ ಸರಿಹೋಗಬಹುದು. ಬಹಳ ದಿನ ಹಾಗೇ ಓಡಿಸಿದ್ದರೆ ಪ್ಲೇಟ್ ಸವೆದಿರುತ್ತದೆ, ಆಗ ಖರ್ಚು ದೊಡ್ಡದು.

ಟಯರಿನ ಗಾಳಿ ತಾನಾಗಿಯೇ ತಿಂಗಳಿಗೆ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ, ಟಯರ್ ತಣ್ಣಗಿರುವಾಗ, ಕೈಪಿಡಿಯಲ್ಲಿ ಹೇಳಿದಷ್ಟು ಹಾಕಿಸಿ. ದೂರ ಓಡಿಸಿ ಬಿಸಿಯಾದ ಟಯರಿನಲ್ಲಿ ಅಳತೆ ಹೆಚ್ಚು ತೋರಿಸುತ್ತದೆ.

ಇಷ್ಟೆಲ್ಲಕ್ಕಿಂತ ಹೆಚ್ಚು ಉಳಿಸುವುದು ಓಡಿಸುವ ರೀತಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಮುಂದೆ ಸಿಗ್ನಲ್ ಕೆಂಪಿದ್ದರೆ ದೂರದಿಂದಲೇ ಆಕ್ಸಿಲರೇಟರ್ ಬಿಡಿ. ನಿಲ್ಲುವುದು 10 ಸೆಕೆಂಡಿಗಿಂತ ಹೆಚ್ಚಾದರೆ ಎಂಜಿನ್ ಆಫ್ ಮಾಡಿ. ತಣ್ಣಗಿರುವ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಆದ್ದರಿಂದ ಬೆಳಿಗ್ಗೆ ಔಷಧಿಗೆ, ಮಧ್ಯಾಹ್ನ ಬ್ಯಾಂಕಿಗೆ, ಸಂಜೆ ತರಕಾರಿಗೆ ಎಂದು ಮೂರು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿ. ಇಂಧನಕ್ಕೆ ಬೆರೆಸಿದರೆ ಮೈಲೇಜ್ ಏರುತ್ತದೆ ಎಂದು ಮಾರುವ ಬಾಟಲಿಗಳಿಗೆ ಹಣ ಹಾಕಬೇಡಿ. ಎಂಜಿನ್ ಆಯಿಲ್ ಬದಲಿಸುವುದನ್ನು ಮಾತ್ರ ಮುಂದೂಡಬೇಡಿ. ಅಲ್ಲಿ ಉಳಿಸಿದ ಚಿಕ್ಕ ಮೊತ್ತಕ್ಕೆ ಎಂಜಿನ್ ಕೆಲಸವೇ ಎದುರಾಗುತ್ತದೆ.

ಪ್ರಶ್ನೆ: ವಾಹನದ ವಿಮೆ ಈ ವರ್ಷ ಬಿಟ್ಟುಬಿಡಬಹುದೇ?

ಉತ್ತರ: ಬೇಡ. ನಿಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ ಬಹುತೇಕ ಎಲ್ಲ ಕಡೆ ಕಡ್ಡಾಯ. ಅದಿಲ್ಲದೆ ಒಂದು ಅಪಘಾತವಾದರೆ ಪರಿಹಾರದ ಮೊತ್ತ ನಿಮ್ಮ ಎಲ್ಲ ಸಾಲಗಳನ್ನೂ ಮೀರಬಹುದು. ಕಡಿಮೆ ಮಾಡಬಹುದಾದದ್ದು ಸ್ವಂತ ವಾಹನದ ಹಾನಿಯ ಭಾಗ. ವಾಹನ ಬಹಳ ಹಳೆಯದಾಗಿ ಬೆಲೆಯೇ ಇಲ್ಲದಿದ್ದರೆ, ಸಾಲವೂ ಮುಗಿದಿದ್ದರೆ, ಆ ಭಾಗ ಬಿಡಬಹುದು. ಹೊಸದಾಗಿದ್ದರೆ ಕ್ಲೇಮಿನಲ್ಲಿ ನೀವು ಕೈಯಿಂದ ಹಾಕುವ ಪಾಲನ್ನು ಹೆಚ್ಚಿಸಿ ಪ್ರೀಮಿಯಂ ಇಳಿಸಿಕೊಳ್ಳಿ. ಬೇಡದ ಆ್ಯಡ್-ಆನ್ (ಹೆಚ್ಚುವರಿ ರಕ್ಷಣೆ) ತೆಗೆಸಿ. ಅವಧಿ ಮುಗಿಯುವ ಮೊದಲೇ ನವೀಕರಿಸಿ, ತಡವಾದರೆ ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿಯೂ ಕೈತಪ್ಪಬಹುದು.

ಪ್ರಶ್ನೆ: ತಿಂಗಳ ಪಾಸ್ ಒಳ್ಳೆಯದೋ, ದಿನಾ ಟಿಕೆಟ್ಟೋ?

ಉತ್ತರ: ಪಾಸಿನ ಬೆಲೆಯನ್ನು ಒಂದು ಟಿಕೆಟ್ಟಿನ ಬೆಲೆಯಿಂದ ಭಾಗಿಸಿ. 36 ಬಂದರೆ, ತಿಂಗಳಿಗೆ 22 ದಿನ ಹೋಗಿ ಬರುವವರಿಗೆ 44 ಪ್ರಯಾಣ, ಪಾಸ್ ಲಾಭ. ವಾರಕ್ಕೆ ಮೂರೇ ದಿನ ಕೆಲಸಕ್ಕೆ ಹೋಗುವವರಿಗೆ ಸುಮಾರು 26, ಟಿಕೆಟ್ಟೇ ಸಾಕು. ರಜೆ ಹೆಚ್ಚಿರುವ ತಿಂಗಳಲ್ಲಿ ಪಾಸ್ ಯಾವ ತಾರೀಖಿಗೆ ಶುರುವಾಗಬೇಕೆಂದು ನೋಡಿ ಕೊಳ್ಳಿ. ಸಂಬಳ ಕೊಡುವವರು ಪ್ರಯಾಣ ಭತ್ಯೆ ಕೊಡುತ್ತಾರೆಯೇ, ಒಂದೇ ಕಡೆ ಹೋಗುವ ಸಹೋದ್ಯೋಗಿಗಳು ಕಾರಿನಲ್ಲಿ ಕರೆದೊಯ್ಯುತ್ತಾರೆಯೇ ಎಂದೂ ವಿಚಾರಿಸಿ. ಕಾರಿನಲ್ಲಿ ಜೊತೆಗೆ ಹೋಗುವುದಾದರೆ ನಿಮ್ಮ ಪಾಲನ್ನು ವಾರದ ಮೊದಲೇ ಮಾತಾಡಿಕೊಳ್ಳಿ, ಮುಜುಗರಕ್ಕೆ ಎಡೆಯಿರುವುದಿಲ್ಲ.

ಪ್ರಶ್ನೆ: ಸ್ವಲ್ಪ ಠೇವಣಿ ಇದೆ. ಮುರಿದು ಸಾಲ ತೀರಿಸಲೇ?

ಉತ್ತರ: ಠೇವಣಿಯ ಬಡ್ಡಿ ಸಾಮಾನ್ಯವಾಗಿ ಸಾಲದ ಬಡ್ಡಿಗಿಂತ ಕಡಿಮೆಯೇ ಇರುತ್ತದೆ, ಆದ್ದರಿಂದ ಲೆಕ್ಕ ‘ಮುರಿಯಿರಿ’ ಎನ್ನುತ್ತದೆ. ಪೂರ್ತಿ ಮುರಿಯಬೇಡಿ. ಬಾಡಿಗೆ, ದಿನಸಿ, ಶಾಲೆ, ಓಡಾಟ, ಗೃಹಸಾಲದ ಕಂತು ಸೇರಿ ಎರಡು ತಿಂಗಳಿಗೆ ಸಾಕಾಗುವಷ್ಟು ಕೈಗೆಟುಕುವಂತೆ ಉಳಿಸಿ. ಆ ಹಣವಿಲ್ಲದಿದ್ದರೆ ಒಂದು ಟಯರ್ ಹೋದರೂ ಮತ್ತೆ ಕಾರ್ಡನ್ನೇ ಎಳೆಯಬೇಕು. ಕಾರ್ಡಿನಲ್ಲಿ ತೀರಿಸಿದ ಹಣ ಮತ್ತೆ ಬೇಕಾದಾಗ ಸಿಗಬಹುದು, ಗೃಹಸಾಲಕ್ಕೆ ಹಾಕಿದ ಹಣ ಸುಲಭವಾಗಿ ವಾಪಸ್ ಸಿಗುವುದಿಲ್ಲ.

ಉಳಿದ ಭಾಗವನ್ನು ಸಾಲಕ್ಕೆ ಹಾಕುವಾಗ ‘ಇದು ಅಸಲಿಗೆ’ ಎಂದು ಬರೆದು ಕೊಡಿ. ಇಲ್ಲದಿದ್ದರೆ ಮುಂದಿನ ಕಂತಿನ ಮುಂಗಡ ಎಂದು ಜಮಾ ಮಾಡಿಕೊಳ್ಳುವುದುಂಟು. ಅವಧಿ ಕಡಿಮೆ ಮಾಡಬೇಕೋ ಕಂತು ಕಡಿಮೆ ಮಾಡಬೇಕೋ ಎಂದು ಕೇಳುತ್ತಾರೆ. ಅವಧಿ ಕಡಿಮೆ ಮಾಡಿದರೆ ಬಡ್ಡಿ ಹೆಚ್ಚು ಉಳಿಯುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದಾಯ ಇಳಿದಿರುವ ನೀವು ಕಂತು ಕಡಿಮೆ ಮಾಡಿಸಿಕೊಳ್ಳಿ. ಕೈ ಬಿಡುವಾದ ತಿಂಗಳು ಹೆಚ್ಚು ಕಟ್ಟಲು ಯಾರೂ ಅಡ್ಡಿ ಮಾಡುವುದಿಲ್ಲ. ಒಮ್ಮೆ ದೊಡ್ಡ ಕಂತಿಗೆ ಒಪ್ಪಿಕೊಂಡರೆ ಕೈ ಬಿಗಿಯಾದ ತಿಂಗಳು ಕಡಿಮೆ ಕಟ್ಟಲಾಗುವುದಿಲ್ಲ.

ಪ್ರಶ್ನೆ: ಕಾರ್ಡ್ ಬಾಕಿಯಲ್ಲಿ ಅರ್ಧ ಕಟ್ಟಿದರೆ ಉಳಿದದ್ದು ಬಿಡುತ್ತೇವೆ ಎಂದು ವಸೂಲಿಯವರು ಫೋನ್ ಮಾಡುತ್ತಿದ್ದಾರೆ. ಇವತ್ತೇ ಕಟ್ಟಬೇಕಂತೆ. ನಂಬಬಹುದೇ?

ಉತ್ತರ: ಪತ್ರ ಬಾರದೆ ಒಂದು ಪೈಸೆಯನ್ನೂ ಕಟ್ಟಬೇಡಿ. ಪತ್ರ ಸಾಲ ಕೊಟ್ಟ ಸಂಸ್ಥೆಯಿಂದ ಬರಬೇಕು, ಅದರಲ್ಲಿ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟಬೇಕಾದ ತಾರೀಖು, ಕಟ್ಟಿದ ಮೇಲೆ ಬೇರೇನೂ ಬಾಕಿಯಿಲ್ಲ ಎಂಬ ಮಾತು ಇರಬೇಕು. ಫೋನ್ ಮಾಡಿದವರು ಕೊಟ್ಟ ನಂಬರಿಗೆ ಅಲ್ಲ, ನಿಮ್ಮ ಹಳೆಯ ಸ್ಟೇಟ್‌ಮೆಂಟಿನಲ್ಲಿ ಅಚ್ಚಾಗಿರುವ ನಂಬರಿಗೆ ಕರೆ ಮಾಡಿ ಪತ್ರ ಅವರದೇ ಹೌದೋ ಎಂದು ಖಚಿತಪಡಿಸಿಕೊಳ್ಳಿ. ಹಣ ಕಟ್ಟುವುದು ಕಾರ್ಡಿನ ಖಾತೆಗೆ ಮಾತ್ರ. ಯಾವ ವ್ಯಕ್ತಿಯ ಹೆಸರಿಗೂ ಅಲ್ಲ, ನಗದೂ ಅಲ್ಲ. ಪತ್ರ ಇಲ್ಲದೆ ಅರ್ಧ ಕಟ್ಟಿದರೆ ಅದು ಬಾಕಿಯ ಒಂದು ಪಾಲೆಂದು ಜಮಾ ಆಗುತ್ತದೆ, ಉಳಿದ ಅರ್ಧಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ.

ಹೀಗೆ ಮುಗಿಸಿದ ಸಾಲ ದಾಖಲೆಯಲ್ಲಿ ‘ಪೂರ್ಣ ಪಾವತಿ’ ಎಂದಲ್ಲ, ‘ರಾಜಿ’ ಎಂದು ಉಳಿಯುತ್ತದೆ. ಮುಂದೆ ಕೆಲವು ವರ್ಷ ಹೊಸ ಸಾಲ ಸಿಗುವುದು ಕಷ್ಟವಾಗಬಹುದು. ಪೂರ್ತಿ ಕಟ್ಟುವ ದಾರಿ ಇನ್ನೂ ಇದ್ದರೆ ರಾಜಿಗೆ ಹೋಗದಿರುವುದು ಒಳ್ಳೆಯದು. ದಾರಿಯೇ ಇಲ್ಲದಿದ್ದರೆ ರಾಜಿ ತಪ್ಪಲ್ಲ. ಕಟ್ಟಿದ ರಸೀದಿ, ರಾಜಿ ಪತ್ರ, ಬಾಕಿಯಿಲ್ಲವೆಂಬ ಪತ್ರ ಮೂರನ್ನೂ ಒಟ್ಟಿಗೆ ಇಡಿ. ಹಳೆಯ ಬಾಕಿಗಳನ್ನು ಬೇರೆ ಸಂಸ್ಥೆಗಳಿಗೆ ಮಾರುವುದುಂಟು, ವರ್ಷಗಳ ನಂತರ ಇನ್ಯಾರೋ ಕೇಳಿಕೊಂಡು ಬಂದಾಗ ತೋರಿಸಲು ಈ ಮೂರು ಕಾಗದವೇ ಬೇಕು.